ಆವೃತ್ತಿ ಸಂಖ್ಯೆ: ಬಳಕೆದಾರನಿಗೆ ಕೊಟ್ಟ ಮಾತು

ಸುದ್ದಿ ವಿಶ್ಲೇಷಣೆ
ನಮ್ಮ ವರದಿಗಾರರಿಂದ

ವಿಜಯಪುರ: ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಇದರ ಉತ್ತರಾಧಿಕಾರಿಯಾದ ವಿಂಡೋಸ್ 11ಕ್ಕೆ ನಿರ್ದಿಷ್ಟ ಭದ್ರತಾ ಚಿಪ್ ಹಾಗೂ ಹೊಸ ತಲೆಮಾರಿನ ಪ್ರೊಸೆಸರ್ ಬೇಕು. ಇವೆರಡೂ ಇಲ್ಲದ ಹಳೆಯ ಗಣಕಯಂತ್ರಗಳ ಮುಂದಿರುವ ಕೆಲವೇ ದಾರಿಗಳಲ್ಲಿ ಮುಕ್ತ ತಂತ್ರಾಂಶದ ದಾರಿಯೂ ಒಂದು. ನಗರದ ಗಾಂಧಿ ಚೌಕದ ಸುತ್ತಲಿನ ಡಿಟಿಪಿ ಅಂಗಡಿಯಾಗಲಿ, ತಿಕೋಟಾದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೇಂದ್ರವಾಗಲಿ, ಬಬಲೇಶ್ವರದ ಶಾಲೆಯ ಗಣಕ ಕೊಠಡಿಯಾಗಲಿ, ಎಂಟು ಹತ್ತು ವರ್ಷದ ಯಂತ್ರವನ್ನು ಎಸೆಯಲು ಮನಸ್ಸಾಗದ ಯಾರಿಗೇ ಆದರೂ ಈ ದಾರಿ ಒಮ್ಮೆ ನೋಡತಕ್ಕದ್ದೇ.

ಆದರೆ ಆ ದಾರಿಯ ಬಾಗಿಲಲ್ಲಿಯೇ ಒಂದು ಗೊಂದಲ ಕಾದು ನಿಂತಿದೆ. ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಹುಡುಕಿ ಹೊರಟವನಿಗೆ ಉಬುಂಟು 24.04, ಡೆಬಿಯನ್ 13, ಲಿನಕ್ಸ್ ಮಿಂಟ್ 22, ಫೆಡೋರಾ 43 ಎಂಬ ಹೆಸರುಗಳು ಒಟ್ಟೊಟ್ಟಿಗೆ ಎದುರಾಗುತ್ತವೆ. “ಸರ, ಇದರಾಗ ಹೊಸಾದು ಯಾವುದರಿ?” ಎಂದು ಅಂಗಡಿಯ ಹುಡುಗ ಕೇಳಿದರೆ ಉತ್ತರ ಸಂಖ್ಯೆಯಲ್ಲಿಲ್ಲ. 13 ಎಂಬ ಚಿಕ್ಕ ಸಂಖ್ಯೆ ಹೊತ್ತ ಡೆಬಿಯನ್ ಬಿಡುಗಡೆಯಾದದ್ದು 2025ರ ಆಗಸ್ಟ್‌ನಲ್ಲಿ. 24.04 ಎಂಬ ದೊಡ್ಡ ಸಂಖ್ಯೆಯ ಉಬುಂಟು ಅದಕ್ಕಿಂತ ಒಂದು ವರ್ಷಕ್ಕೂ ಹೆಚ್ಚು ಹಳೆಯದು. ಮಿಂಟ್ 22 ಸಿದ್ಧಗೊಂಡಿರುವುದು ಅದೇ ಉಬುಂಟು 24.04ರ ಬುನಾದಿಯ ಮೇಲೆ. ಎಲ್ಲಕ್ಕಿಂತ ದೊಡ್ಡ ಸಂಖ್ಯೆಯ ಫೆಡೋರಾಕ್ಕೆ ಸಿಗುವ ಬೆಂಬಲದ ಅವಧಿಯೇ ಎಲ್ಲಕ್ಕಿಂತ ಕಡಿಮೆ, ಸುಮಾರು 13 ತಿಂಗಳು.

ಇದು ಕೇವಲ ಹೆಸರಿಡುವ ಹವ್ಯಾಸದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಹೊಸದನ್ನು ಹಾಕಿಕೊಳ್ಳಬೇಕೇ, ಹಳೆಯದರಲ್ಲಿಯೇ ಮುಂದುವರಿಯಬೇಕೇ, ಹಾಕಿಕೊಂಡರೆ ತನ್ನ ಹಳೆಯ ಕಡತಗಳು ತೆರೆದುಕೊಳ್ಳುವವೇ ಎಂದು ತೀರ್ಮಾನಿಸಬೇಕಾದ ಬಳಕೆದಾರನ ಕೈಯಲ್ಲಿ ಬಹಳಷ್ಟು ಸಲ ಇರುವ ಏಕೈಕ ಮಾಹಿತಿ ಈ ಸಂಖ್ಯೆ. ತಂತ್ರಾಂಶ ರಚಿಸಿದವನು ಬಳಕೆದಾರನಿಗೆ ಕೊಡುವ ಅತ್ಯಂತ ಚಿಕ್ಕ ಮಾತು ಅದು. ಕನ್ನಡದ ಮುಕ್ತ ತಂತ್ರಾಂಶಗಳು ಆ ಮಾತನ್ನು ಹೇಗೆ ಕೊಡಬೇಕು ಎಂಬುದೇ ಈ ವಿಶ್ಲೇಷಣೆಯ ವಿಷಯ.

ಮುದ್ರಣಾಲಯದಿಂದ ಬಂದ ಪದ

‘ಆವೃತ್ತಿ’ ಎಂಬ ಪದವನ್ನು ಕನ್ನಡದ ಗಣಕ ಲೋಕವು ಮುದ್ರಣ ಲೋಕದಿಂದ ಎರವಲು ಪಡೆದಿದೆ. ಈ ನಗರಕ್ಕೆ ಆ ಪದ ಹೊಸದಲ್ಲ. ವಚನಗಳ ಓಲೆಗರಿಗಳನ್ನು ಊರೂರು ಅಲೆದು ಸಂಗ್ರಹಿಸಿದ ಡಾ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1925ರಲ್ಲಿ ಇಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ಒಂದು ವಚನದ ಕ್ರಮಸಂಖ್ಯೆಯನ್ನು ಉಲ್ಲೇಖಿಸುವ ವಿದ್ವಾಂಸರು ಯಾವ ಸಂಪುಟ, ಯಾವ ಆವೃತ್ತಿ ಎಂಬುದನ್ನೂ ಜೊತೆಗೆ ಹೇಳುವುದು ವಾಡಿಕೆ. ಸಂಪಾದಕರು ಬದಲಾದಂತೆ ಪಾಠವೂ ಕ್ರಮವೂ ಬದಲಾಗಬಹುದೆಂಬ ಅರಿವೇ ಇದಕ್ಕೆ ಕಾರಣ.

ಪುಸ್ತಕಕ್ಕೂ ತಂತ್ರಾಂಶಕ್ಕೂ ಇರುವ ವ್ಯತ್ಯಾಸ ಇಷ್ಟೇ: ಎರಡನೆಯ ಮುದ್ರಣ ಹೊರಬಂದಿತೆಂದು ಕಪಾಟಿನಲ್ಲಿರುವ ಮೊದಲನೆಯ ಮುದ್ರಣ ಓದಲಾಗದಂತೆ ಆಗುವುದಿಲ್ಲ. ತಂತ್ರಾಂಶದಲ್ಲಿ ಹಾಗಲ್ಲ. ಒಂದರ ಮೇಲೆ ಇನ್ನೊಂದು ನಿಂತಿರುತ್ತದೆ. ಕೆಳಗಿನದು ಬದಲಾದರೆ ಮೇಲಿನದು ಕುಸಿಯುತ್ತದೆ.

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಔಷಧದ ಡಬ್ಬಿ ಖರೀದಿಸುವಾಗ ಎರಡು ಸಂಗತಿಗಳನ್ನು ತಪ್ಪದೇ ನೋಡುತ್ತಾರೆ. ಒಳಗಿರುವ ಮದ್ದು ಯಾವುದು, ಶೇಕಡಾ ಎಷ್ಟು ಎಂಬುದು ಒಂದು. ತಯಾರಿಸಿದ ದಿನಾಂಕ ಹಾಗೂ ಅವಧಿ ಮುಗಿಯುವ ದಿನಾಂಕ ಇನ್ನೊಂದು. ಮೊದಲನೆಯದು ಗುಣವನ್ನು ಹೇಳುತ್ತದೆ, ಎರಡನೆಯದು ಕಾಲವನ್ನು. ಒಂದನ್ನು ನೋಡಿ ಇನ್ನೊಂದನ್ನು ಊಹಿಸುವ ಬೆಳೆಗಾರ ಬಳ್ಳಿಯನ್ನೇ ಕಳೆದುಕೊಂಡಾನು. ತಂತ್ರಾಂಶದ ಆವೃತ್ತಿ ಸಂಖ್ಯೆಗಳಲ್ಲಿಯೂ ಮುಖ್ಯವಾಗಿ ಈ ಎರಡೇ ಪಂಥಗಳಿವೆ.

ಗುಣ ಹೇಳುವ ಸಂಖ್ಯೆ

ಮೊದಲ ಪಂಥದಲ್ಲಿ ಚುಕ್ಕಿಗಳಿಂದ ಬೇರ್ಪಟ್ಟ ಮೂರು ಅಂಕಿಗಳಿರುತ್ತವೆ: 2.3.1 ಎಂಬಂತೆ. ಇದರ ನಿಯಮಗಳನ್ನು ಬರೆದಿಟ್ಟವರು ಗಿಟ್‌ಹಬ್ ಸಂಸ್ಥೆಯ ಸಹಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್ ವರ್ನರ್. ‘ಸೆಮ್ಯಾಂಟಿಕ್ ವರ್ಷನಿಂಗ್’ ಎಂದು ಕರೆಯಲಾಗುವ ಈ ನಿಯಮಾವಳಿಯ 2.0.0 ಆವೃತ್ತಿ 2013ರಲ್ಲಿ ಹೊರಬಂದಿತು. ನಿಯಮ ಸರಳ. ದೋಷವನ್ನಷ್ಟೇ ಸರಿಪಡಿಸಿದ್ದರೆ ಕೊನೆಯ ಅಂಕಿ ಏರುತ್ತದೆ. ಹಳೆಯದಕ್ಕೆ ಧಕ್ಕೆಯಾಗದಂತೆ ಹೊಸ ಸೌಲಭ್ಯ ಸೇರಿಸಿದ್ದರೆ ನಡುವಿನ ಅಂಕಿ ಏರುತ್ತದೆ. ಹಳೆಯ ಬಳಕೆಗೆ ಧಕ್ಕೆ ತರುವ ಬದಲಾವಣೆಯಾಗಿದ್ದರೆ ಮೊದಲ ಅಂಕಿ ಏರಲೇಬೇಕು. ಮೊದಲ ಅಂಕಿ ಸೊನ್ನೆಯಾಗಿರುವವರೆಗೆ ಯಾವುದೂ ಸ್ಥಿರವಲ್ಲವೆಂದು ತಿಳಿಯತಕ್ಕದ್ದು.

ನಮ್ಮ ಜಿಲ್ಲೆಯ ಉದಾಹರಣೆಯಿಂದಲೇ ಇದನ್ನು ಅರ್ಥಮಾಡಿಕೊಳ್ಳಬಹುದು. ವಿಜಯಪುರ ಜಿಲ್ಲೆಯ ಹಳ್ಳಿಗಳನ್ನು ತಾಲ್ಲೂಕುವಾರು ಪಟ್ಟಿ ಮಾಡಿಕೊಡುವ ಒಂದು ಪುಟ್ಟ ಮುಕ್ತ ತಂತ್ರಾಂಶವನ್ನು ವಿದ್ಯಾರ್ಥಿಗಳು ರಚಿಸಿದ್ದಾರೆಂದೂ ಅದರ ಆವೃತ್ತಿ 2.3.0 ಎಂದೂ ಭಾವಿಸೋಣ. ಒಂದು ಹಳ್ಳಿಯ ಹೆಸರಿನ ಕಾಗುಣಿತ ತಪ್ಪಾಗಿತ್ತು, ತಿದ್ದಿದರು, ಅದು 2.3.1. ಪ್ರತಿ ಹಳ್ಳಿಯ ಮುಂದೆ ಪಿನ್ ಕೋಡ್ ತೋರಿಸುವ ಹೊಸ ಅಂಕಣ ಸೇರಿಸಿದರು, ಅದು 2.4.0. ಇಲ್ಲಿಯವರೆಗೆ ತಕರಾರಿಲ್ಲ.

ಈಗ ತಾಲ್ಲೂಕು ಪುನರ್ವಿಂಗಡಣೆಗೆ ಬರೋಣ. 2011ರ ಜನಗಣತಿಯ ಕಾಲಕ್ಕೆ ಜಿಲ್ಲೆಯಲ್ಲಿದ್ದದ್ದು ಐದೇ ತಾಲ್ಲೂಕುಗಳು: ವಿಜಯಪುರ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ ಮತ್ತು ಸಿಂದಗಿ. ಹೊಸ ತಾಲ್ಲೂಕುಗಳ ರಚನೆಯಾದಾಗ ವಿಜಯಪುರ ತಾಲ್ಲೂಕಿನ ಹಳ್ಳಿಗಳು ಒಡೆದು ತಿಕೋಟಾ ಮತ್ತು ಬಬಲೇಶ್ವರ ಎಂಬ ಪ್ರತ್ಯೇಕ ತಾಲ್ಲೂಕುಗಳಾದವು. ತಂತ್ರಾಂಶದ ಪಟ್ಟಿಗೆ ಎರಡು ಹೆಸರು ಸೇರಿಸಿದರಾಯಿತು, 2.5.0 ಎಂದರಾಯಿತು ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅದು ತಪ್ಪು ಲೆಕ್ಕ. ನಿನ್ನೆಯವರೆಗೆ ‘ವಿಜಯಪುರ ತಾಲ್ಲೂಕು’ ಎಂದು ಕೇಳಿದರೆ ಸಿಗುತ್ತಿದ್ದ ಹಳ್ಳಿಗಳಲ್ಲಿ ಅನೇಕವು ಇಂದು ಸಿಗುವುದಿಲ್ಲ. ಅದನ್ನು ನಂಬಿ ಮಳೆಯ ಸರಾಸರಿಯನ್ನೋ ಬೆಳೆಯ ವಿಸ್ತೀರ್ಣವನ್ನೋ ಲೆಕ್ಕ ಹಾಕುತ್ತಿದ್ದ ಇನ್ನೊಂದು ತಂತ್ರಾಂಶ ಯಾವ ತಕರಾರನ್ನೂ ತೆಗೆಯದೆ ತಪ್ಪು ಉತ್ತರ ಕೊಡುತ್ತದೆ. ತಾಲ್ಲೂಕಿನ ಬೆಳೆ ಒಂದೇ ವರ್ಷದಲ್ಲಿ ಕುಸಿಯಿತೆಂದು ಓದುಗ ಬೆಚ್ಚಿಬೀಳಬಹುದು. ಕುಸಿದದ್ದು ಬೆಳೆಯಲ್ಲ, ಗಡಿ ಸರಿದದ್ದು. ಆದ್ದರಿಂದ ಈ ಬದಲಾವಣೆಗೆ ತಕ್ಕ ಸಂಖ್ಯೆ 3.0.0. ‘ನಿಲ್ಲಿ, ಓದಿ, ಆಮೇಲೆ ಹಾಕಿಕೊಳ್ಳಿ’ ಎಂಬ ಎಚ್ಚರಿಕೆ ಆ ಮೊದಲ ಅಂಕಿಯಲ್ಲಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲಿಯೇ ಇದೆ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. ಆದರೆ ವಾಹನಗಳ ‘ಕೆಎ 28’ ಬದಲಾಗಲಿಲ್ಲ. 586101 ಎಂಬ ಪಿನ್ ಕೋಡ್ ಬದಲಾಗಲಿಲ್ಲ. ಕಣ್ಣಿಗೆ ಕಾಣುವ ಹೆಸರು ಬದಲಾದರೂ ಯಂತ್ರಗಳು ನಂಬಿದ್ದ ಸಂಖ್ಯೆ ಸ್ಥಿರವಾಗಿ ಉಳಿದದ್ದರಿಂದ ಅಂಚೆಯೂ ನಿಲ್ಲಲಿಲ್ಲ, ವಾಹನವೂ ನಿಲ್ಲಲಿಲ್ಲ. ಯಾವುದು ಯಾರಿಗೆ ಆಧಾರವಾಗಿದೆ ಎಂಬುದನ್ನು ಅರಿತರೆ ಮಾತ್ರ ಬದಲಾವಣೆ ದೊಡ್ಡದೋ ಚಿಕ್ಕದೋ ಎಂದು ಹೇಳಲು ಸಾಧ್ಯ.

ಈ ಪದ್ಧತಿಯಲ್ಲಿ ಹೊಸಬರನ್ನು ಎಡವಿಸುವ ಒಂದು ಸಂಗತಿಯನ್ನು ಹೇಳಲೇಬೇಕು. ಶಾಲೆಯಲ್ಲಿ ದಶಮಾಂಶ ಕಲಿತ ಮಗು 1.9ಕ್ಕಿಂತ 1.10 ಚಿಕ್ಕದೆಂದು ಸರಿಯಾಗಿಯೇ ಹೇಳುತ್ತದೆ. ಆವೃತ್ತಿ ಸಂಖ್ಯೆಯಲ್ಲಿ ಚುಕ್ಕಿಯು ದಶಮಾಂಶದ ಚುಕ್ಕಿಯಲ್ಲ. ಅಧ್ಯಾಯವನ್ನೂ ಪರಿಚ್ಛೇದವನ್ನೂ ಬೇರ್ಪಡಿಸುವ ಗುರುತು. ಒಂಬತ್ತನೆಯ ಪರಿಚ್ಛೇದದ ನಂತರ ಹತ್ತನೆಯದು ಬರುವಂತೆ 1.9ರ ನಂತರ 1.10 ಬರುತ್ತದೆ.

ಕಾಲ ಹೇಳುವ ಸಂಖ್ಯೆ

ಎರಡನೆಯ ಪಂಥದ ಪ್ರಸಿದ್ಧ ಪ್ರತಿನಿಧಿ ಉಬುಂಟು. 2004ರ ಅಕ್ಟೋಬರ್‌ನಲ್ಲಿ ಬಂದ ಅದರ ಮೊದಲ ಬಿಡುಗಡೆಯ ಸಂಖ್ಯೆ 4.10. ಮೊದಲ ಭಾಗ ವರ್ಷ, ಎರಡನೆಯದು ತಿಂಗಳು. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ದೀರ್ಘಾವಧಿ ಬೆಂಬಲದ ಬಿಡುಗಡೆಗೆ ಐದು ವರ್ಷಗಳ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. ಹೀಗಾಗಿ 24.04 ಎಂಬ ಸಂಖ್ಯೆಯನ್ನು ನೋಡಿದ ಶಾಲೆಯ ಶಿಕ್ಷಕರು 2029ರವರೆಗೆ ಚಿಂತೆಯಿಲ್ಲವೆಂದು ಬೆರಳೆಣಿಕೆಯಲ್ಲಿಯೇ ಲೆಕ್ಕ ಹಾಕಬಹುದು. 18.04 ಹೊತ್ತ ಯಂತ್ರ ಇನ್ನೂ ಕೊಠಡಿಯಲ್ಲಿದ್ದರೆ ಅದರ ಸಾಮಾನ್ಯ ಬೆಂಬಲ 2023ರಲ್ಲಿಯೇ ಮುಗಿದಿದೆಯೆಂದು ತಿಳಿಯಲು ಯಾವ ತಜ್ಞನನ್ನೂ ಕರೆಸಬೇಕಾಗಿಲ್ಲ.

ಕಚೇರಿ ಕೆಲಸದ ಮುಕ್ತ ತಂತ್ರಾಂಶವಾದ ಲಿಬ್ರೆ ಆಫೀಸ್ ಸಹ ಇದೇ ಹಾದಿ ಹಿಡಿದಿದೆ. 2023ರ ಆಗಸ್ಟ್‌ನಲ್ಲಿ ಬಂದ 7.6ರ ನಂತರ ಅದು 8ಕ್ಕೆ ಹೋಗಲಿಲ್ಲ; 2024ರ ಜನವರಿ ಕೊನೆಯಲ್ಲಿ 24.2 ಎಂದು ಹೊರಬಂದಿತು. ಬಳಸುತ್ತಿರುವುದು ಎಷ್ಟು ಹಳೆಯದು ಎಂಬುದು ಸಂಖ್ಯೆಯಿಂದಲೇ ತಿಳಿಯಲಿ ಎಂಬುದು ಇದರ ಅನುಕೂಲ.

ಆದರೆ ಈ ಸಂಖ್ಯೆ ಹೇಳದೆ ಬಿಡುವ ಸಂಗತಿ ಗುಣ. 24.2ರಿಂದ 24.8ಕ್ಕೆ ಹೋದರೆ ಹಳೆಯ ಕನ್ನಡ ಕಡತದ ಪುಟವಿನ್ಯಾಸ ಕೆಡುವುದೇ ಇಲ್ಲವೇ ಎಂಬುದು ಅಲ್ಲಿಲ್ಲ. ದಿನಾಂಕದ ಹಂಗಿಗೆ ಬಿದ್ದವರು ದಿನಾಂಕ ತಪ್ಪಿದಾಗ ಸಂಖ್ಯೆಯನ್ನೇ ತಿದ್ದಬೇಕಾದ ಪ್ರಸಂಗವೂ ಉಂಟು. 2006ರ ಏಪ್ರಿಲ್‌ನಲ್ಲಿ 6.04 ಎಂದು ಬರಬೇಕಾಗಿದ್ದ ಉಬುಂಟು ಇನ್ನಷ್ಟು ಪರೀಕ್ಷೆಗಾಗಿ ತಡವಾಯಿತು, ಜೂನ್‌ನಲ್ಲಿ 6.06 ಎಂದು ಹೊರಬಂದಿತು. ಸಿದ್ಧವಾಗದ್ದನ್ನು ದಿನಾಂಕದ ಸಲುವಾಗಿ ಬಿಡುಗಡೆ ಮಾಡುವುದಕ್ಕಿಂತ ಸಂಖ್ಯೆ ತಿದ್ದಿದ್ದು ಲೇಸೆಂದೇ ಹೇಳಬೇಕು.

ಅರ್ಥವನ್ನೇ ತೊರೆದ ಸಂಖ್ಯೆಗಳು

ಈ ಎರಡೂ ಪಂಥಗಳಿಗೆ ಸೇರದವರೂ ಇದ್ದಾರೆ. ಲಿನಕ್ಸ್ ಕರ್ನೆಲ್‌ನ 2.6 ಸರಣಿ 2003ರ ಡಿಸೆಂಬರ್‌ನಲ್ಲಿ ಆರಂಭವಾಗಿ 2.6.39ರವರೆಗೆ ಬೆಳೆಯಿತು. 2011ರ ಜುಲೈನಲ್ಲಿ, ಲಿನಕ್ಸ್‌ಗೆ ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ, ಲಿನಸ್ ಟೊರ್ವಾಲ್ಡ್ಸ್ ಅದನ್ನು ಏಕಾಏಕಿ 3.0 ಮಾಡಿದರು. ದೊಡ್ಡ ಬದಲಾವಣೆ ಏನೂ ಇಲ್ಲವೆಂದು ತಾವೇ ಹೇಳಿದರು. 2015ರಲ್ಲಿ 4.0, 2019ರಲ್ಲಿ 5.0, 2022ರಲ್ಲಿ 6.0 ಬಂದದ್ದೂ ಹೀಗೆಯೇ. ನಡುವಿನ ಅಂಕಿ ವಿಪರೀತ ಬೆಳೆಯಿತೆಂಬುದರ ಹೊರತು ಅದಕ್ಕೆ ವಿಶೇಷ ಕಾರಣವಿರಲಿಲ್ಲ. ಇಲ್ಲಿ ಮಾತು ಸಂಖ್ಯೆಯಲ್ಲಿಲ್ಲ. ಬಳಕೆದಾರರ ತಂತ್ರಾಂಶಗಳನ್ನು ಮುರಿಯಬಾರದೆಂಬ ಕಟ್ಟುನಿಟ್ಟಿನ ಸಂಪ್ರದಾಯದಲ್ಲಿದೆ.

ಡೊನಾಲ್ಡ್ ಕ್ನೂತ್ ಅವರ ಅಕ್ಷರ ಜೋಡಣಾ ತಂತ್ರಾಂಶ ‘ಟೆಕ್’ ಇನ್ನೂ ವಿಚಿತ್ರ. ಅದರ ಆವೃತ್ತಿ ಪ್ರತಿ ತಿದ್ದುಪಡಿಯೊಂದಿಗೆ ಗಣಿತದ ‘ಪೈ’ ಬೆಲೆಗೆ ಒಂದೊಂದೇ ಅಂಕಿಯಷ್ಟು ಹತ್ತಿರವಾಗುತ್ತದೆ. 2021ರ ತಿದ್ದುಪಡಿಯ ಸಂಖ್ಯೆ 3.141592653. ತಂತ್ರಾಂಶ ಪೂರ್ಣವಾಗಿದೆ, ಇನ್ನು ದೊಡ್ಡ ಬದಲಾವಣೆಯಿಲ್ಲ ಎಂಬ ಘೋಷಣೆಯೇ ಆ ಸಂಖ್ಯೆಯ ತಾತ್ಪರ್ಯ.

ಸಂಖ್ಯೆಗೆ ಅರ್ಥವಿಲ್ಲವೆಂದು ರಚನೆಕಾರರು ಹೇಳಿದರೂ ಅದನ್ನು ಓದುವ ಯಂತ್ರಗಳು ಸುಮ್ಮನಿರುವುದಿಲ್ಲ. 2021ರ ಫೆಬ್ರುವರಿಯಲ್ಲಿ ಕರ್ನೆಲ್‌ನ 4.4 ಹಾಗೂ 4.9 ಸರಣಿಗಳ ಕೊನೆಯ ಅಂಕಿ 255ನ್ನು ದಾಟಿತು. ಆ ಅಂಕಿಗೆಂದು ಮೀಸಲಿದ್ದ ಜಾಗದಲ್ಲಿ ಹಿಡಿಸುತ್ತಿದ್ದ ಅತಿ ದೊಡ್ಡ ಸಂಖ್ಯೆ 255. ಹೀಗಾಗಿ ಎಣಿಕೆ ಉಕ್ಕಿ ಪಕ್ಕದ ಅಂಕಿಯನ್ನು ಕೆಡಿಸದಂತೆ ವಿಶೇಷ ಏರ್ಪಾಟು ಮಾಡಬೇಕಾಯಿತು. 2022ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳು 100ನ್ನು ಮುಟ್ಟಿದಾಗ, ಎರಡೇ ಅಂಕಿಗಳನ್ನು ನಿರೀಕ್ಷಿಸಿದ್ದ ಕೆಲವು ತಾಣಗಳು ಮುಗ್ಗರಿಸುವ ಭೀತಿಯಿಂದ ತಿಂಗಳುಗಟ್ಟಲೆ ಮುಂಚಿತವಾಗಿಯೇ ಪರೀಕ್ಷೆಗಳು ನಡೆದವು.

ಮಾತು ತಪ್ಪಿದಾಗ

ಮುಕ್ತ ತಂತ್ರಾಂಶದ ಇತಿಹಾಸದಲ್ಲಿ ಸಂಖ್ಯೆಯ ಕಾರಣಕ್ಕೇ ಹೆಸರು ಕೆಡಿಸಿಕೊಂಡ ಪ್ರಸಂಗಗಳು ಪಾಠದಂತಿವೆ. ಡೆಬಿಯನ್‌ಗೆ 1.0 ಎಂಬ ಆವೃತ್ತಿಯೇ ಇಲ್ಲ. 1995ರ ಕೊನೆಯಲ್ಲಿ ಸಿಡಿ ಮಾರಾಟದ ಸಂಸ್ಥೆಯೊಂದು ಇನ್ನೂ ಸಿದ್ಧಗೊಳ್ಳದ ಅಭಿವೃದ್ಧಿ ಪ್ರತಿಯನ್ನೇ 1.0 ಎಂಬ ಹಣೆಪಟ್ಟಿ ಹಚ್ಚಿ ಹಂಚಿಬಿಟ್ಟಿತು. ನಿಜವಾದ 1.0ನ್ನು ಆ ಬಳಿಕ ಬಿಟ್ಟರೆ ಯಾವುದು ಅಸಲಿ, ಯಾವುದು ಅಲ್ಲ ಎಂಬ ಗೊಂದಲ ಉಳಿಯುತ್ತದೆಂದು ಯೋಜನೆಯವರು ಆ ಸಂಖ್ಯೆಯನ್ನೇ ತ್ಯಜಿಸಿ, 1996ರ ಜೂನ್‌ನಲ್ಲಿ 1.1 ಎಂದು ಹೊರತಂದರು. ಒಮ್ಮೆ ಜನರ ಕೈಸೇರಿದ ಸಂಖ್ಯೆಯನ್ನು ಮರಳಿ ಪಡೆಯಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

2008ರ ಜನವರಿಯಲ್ಲಿ ಬಂದ ಕೆಡಿಇ 4.0ದ ಕಥೆ ಬೇರೆ. ಇದು ಮುಂದಿನ ರಚನೆಗೆ ಅಡಿಪಾಯ, ದಿನನಿತ್ಯದ ಬಳಕೆಗೆ ಇನ್ನೂ ಪಕ್ವವಾಗಿಲ್ಲ ಎಂಬುದು ರಚನೆಕಾರರ ಅಭಿಪ್ರಾಯವಾಗಿತ್ತು. ಆದರೆ ‘.0’ ಎಂದರೆ ಸಿದ್ಧ ಅಡುಗೆಯೆಂದು ತಿಳಿದು ಉಣ್ಣಲು ಕುಳಿತ ಬಳಕೆದಾರರಿಗೆ ಅರೆಬೆಂದ ಅನ್ನ ಸಿಕ್ಕಿತು. ಅಸಮಾಧಾನ ವರ್ಷಗಟ್ಟಲೆ ಆರಲಿಲ್ಲ. ಬಹುಶಃ ಇಂತಹ ಪಾಠಗಳ ನೆನಪಿನಿಂದಲೇ ಇರಬಹುದು, ಗ್ನೋಮ್ ಯೋಜನೆ 3.38ರ ನಂತರ 4.0 ಎನ್ನದೆ 2021ರಲ್ಲಿ ನೇರವಾಗಿ 40 ಎಂದಿತು.

ಇನ್ನೊಂದು ತುದಿಯಲ್ಲಿ ಅತಿವಿನಯದ ತೊಂದರೆಯಿದೆ. ಚಿತ್ರರಚನೆಯ ಇಂಕ್‌ಸ್ಕೇಪ್ ಆರಂಭವಾದದ್ದು 2003ರಲ್ಲಿ, ಅದು 1.0 ಎಂದು ಹೇಳಿಕೊಂಡದ್ದು 2020ರಲ್ಲಿ. ನಡುವಿನ ವರ್ಷಗಳಲ್ಲಿ ಅಸಂಖ್ಯ ಕಲಾವಿದರು ಅದರಿಂದಲೇ ಕೆಲಸ ಮಾಡುತ್ತಿದ್ದರೂ, ಸೊನ್ನೆಯಿಂದ ಶುರುವಾಗುವ ಸಂಖ್ಯೆ ಕಂಡು ‘ಇದಿನ್ನೂ ಆಗಿಲ್ಲ’ ಎಂದು ಹಿಂದೆ ಸರಿಯಲು ಹೊಸಬರಿಗೆ ಅವಕಾಶವಿತ್ತು. ಜನ ನಿಮ್ಮ ತಂತ್ರಾಂಶವನ್ನು ನಂಬಿ ಕೆಲಸ ಮಾಡುತ್ತಿದ್ದಾರೆಂದಾದರೆ ಅದು ಆಗಲೇ 1.0 ಆಗಿದೆಯೆಂದೇ ಅರ್ಥ.

ಮುಕ್ತವಲ್ಲದ ತಂತ್ರಾಂಶವೂ ಈ ದೋಷದಿಂದ ಮುಕ್ತವಲ್ಲ. ವಿಂಡೋಸ್ 10 ಕೊನೆಯ ವಿಂಡೋಸ್ ಎಂಬ ಮಾತು 2015ರಲ್ಲಿ ಆ ಸಂಸ್ಥೆಯ ಉದ್ಯೋಗಿಯೊಬ್ಬರ ಬಾಯಿಂದಲೇ ಬಂದಿತ್ತು. 2021ರ ಅಕ್ಟೋಬರ್‌ನಲ್ಲಿ 11 ಬಂದಿತು.

ಕನ್ನಡದ ಪಾಡು

ಈಗ ನಮ್ಮ ಭಾಷೆಯ ಕಡೆ ತಿರುಗೋಣ. ಡಿಟಿಪಿ ಅಂಗಡಿಗಳಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದವರಿಗೆ ‘ನುಡಿ 01 ಇ’ ಎಂಬ ಹೆಸರು ಚಿರಪರಿಚಿತ. ಅಲ್ಲಿರುವ 01 ಆವೃತ್ತಿಯ ಸಂಖ್ಯೆಯಲ್ಲ. ಅದು ಅಕ್ಷರಶೈಲಿಯ ಹೆಸರಿನ ಭಾಗ. ತಂತ್ರಾಂಶದ ಆವೃತ್ತಿ ಬೇರೆ: ನುಡಿ 4.0, 5.0, 6.0 ಎಂಬಂತೆ. ಇದರ ಮೇಲೆ ಯುನಿಕೋಡ್ ಎಂಬ ಜಾಗತಿಕ ಶಿಷ್ಟತೆಗೆ ತನ್ನದೇ ಆವೃತ್ತಿ ಸಂಖ್ಯೆಯಿದೆ. ‘ನುಡಿಯಲ್ಲಿ ಕಳಿಸಿರಿ’ ಎಂದು ಗ್ರಾಹಕ ಹೇಳಿದರೆ ಯಾವ ನುಡಿ, ಯಾವ ಅಕ್ಷರಶೈಲಿ, ಯುನಿಕೋಡ್ ಹೌದೋ ಅಲ್ಲವೋ ಎಂಬ ಮೂರು ಪ್ರಶ್ನೆಗಳು ಹುಟ್ಟುತ್ತವೆ. ತಪ್ಪಿದರೆ ಮದುವೆಯ ಪತ್ರಿಕೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ನುಡಿ ಉಚಿತವಾಗಿ ದೊರೆಯುವ ತಂತ್ರಾಂಶ. ಉಚಿತ ಎಂಬುದೂ, ಆಕರ ಸಂಕೇತವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ಎಂಬುದೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಆದರೆ ಸಂಖ್ಯೆಯ ಗೊಂದಲ ಇಬ್ಬರಿಗೂ ಸಮಾನ.

ಯುನಿಕೋಡ್ ಈ ವಿಷಯದಲ್ಲಿ ಕಲಿಸುವ ಪಾಠ ದೊಡ್ಡದು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. 1996ರ 2.0 ಆವೃತ್ತಿಯಲ್ಲಿ ಕೊರಿಯನ್ ಭಾಷೆಯ ಅಕ್ಷರಗಳನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸ್ಥಳಾಂತರಿಸಿದ್ದು ಹಳೆಯ ಕಡತಗಳನ್ನು ಅರ್ಥಹೀನಗೊಳಿಸಿತು. ಅಂದಿನಿಂದ, ಒಮ್ಮೆ ಕೊಟ್ಟ ಸ್ಥಾನವನ್ನು ಎಂದೂ ಬದಲಿಸುವುದಿಲ್ಲ, ತೆಗೆಯುವುದಿಲ್ಲ ಎಂಬ ನಿಯಮ ಜಾರಿಯಲ್ಲಿದೆ. ಅಕ್ಷರದ ಹೆಸರನ್ನೂ ಬದಲಿಸುವಂತಿಲ್ಲ. ಇದರ ಬಿಸಿ ಕನ್ನಡಕ್ಕೂ ತಟ್ಟಿದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ‘ಫ’ಕಾರವೆಂಬ ಅರ್ಥದ ತಪ್ಪು ಹೆಸರು ಅಂಟಿಕೊಂಡಿದೆ. ತಪ್ಪೆಂದು ಎಲ್ಲರೂ ಬಲ್ಲರು. ಆದರೂ ಅದನ್ನು ಅಳಿಸಿಲ್ಲ. ಪಕ್ಕದಲ್ಲಿ ಸರಿಯಾದ ಹೆಸರನ್ನು ಪರ್ಯಾಯವೆಂದು ದಾಖಲಿಸಲಾಗಿದೆ. ತಪ್ಪನ್ನು ತಿದ್ದುವ ಉತ್ಸಾಹಕ್ಕಿಂತ ಕೊಟ್ಟ ಮಾತಿನ ಬೆಲೆ ಹೆಚ್ಚು ಎಂಬ ನಿಲುವು ಅದು.

ಮಾತು ಉಳಿಸಿಕೊಂಡೇ ಬೆಳೆಯಲು ಸಾಧ್ಯವೆಂಬುದಕ್ಕೂ ಅಲ್ಲಿ ನಿದರ್ಶನವಿದೆ. 2021ರ 14.0 ಆವೃತ್ತಿಯಲ್ಲಿ ಹಳಗನ್ನಡದ ‘ನಕಾರ ಪೊಲ್ಲು’ ಹೊಸದಾಗಿ ಸೇರ್ಪಡೆಯಾಯಿತು. ಇದ್ದ ಯಾವ ಅಕ್ಷರವೂ ಕದಲಲಿಲ್ಲ. ಆದರೆ ಅದಕ್ಕೂ ಮುಂಚೆ ರಚಿತವಾದ ಅಕ್ಷರಶೈಲಿಯಲ್ಲಿ ಆ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ ಕಾಣಿಸೀತು. ಹೀಗಾಗಿ ಕನ್ನಡದ ಮುಕ್ತ ಅಕ್ಷರಶೈಲಿಯೊಂದು ತನ್ನ ಸ್ವಂತ ಆವೃತ್ತಿಯ ಜೊತೆಗೆ ತಾನು ಯುನಿಕೋಡ್‌ನ ಎಷ್ಟನೆಯ ಆವೃತ್ತಿಯವರೆಗಿನ ಅಕ್ಷರಗಳನ್ನು ಒಳಗೊಂಡಿದೆ ಎಂಬುದನ್ನೂ ಹೇಳುವುದು ಅಗತ್ಯ.

ಒತ್ತಕ್ಷರಗಳ ಕಥೆ ಇನ್ನೂ ಸ್ವಾರಸ್ಯಕರ. ಅಕ್ಷರಶೈಲಿಯ ಒಳಗೆ ‘ಇದು ಕನ್ನಡ’ ಎಂದು ಯಂತ್ರಕ್ಕೆ ತಿಳಿಸುವ ನಾಲ್ಕು ಅಕ್ಷರಗಳ ಗುರುತೊಂದಿರುತ್ತದೆ. ಮೊದಲು ಅದು ‘ಕೆ, ಎನ್, ಡಿ, ಎ’ ಆಗಿತ್ತು. ಹಲಂತ ಮತ್ತು ವ್ಯಂಜನಗಳ ಕ್ರಮವನ್ನು ಓದಿ ಒತ್ತಕ್ಷರ ಮೂಡಿಸುವ ವಿಧಾನವನ್ನು ಬದಲಿಸಬೇಕಾಗಿ ಬಂದಾಗ ಹಳೆಯ ಗುರುತನ್ನು ಮುಟ್ಟದೆ ‘ಕೆ, ಎನ್, ಡಿ, 2’ ಎಂಬ ಹೊಸ ಗುರುತನ್ನು ಸೃಷ್ಟಿಸಲಾಯಿತು. ಹಳೆಯ ಅಕ್ಷರಶೈಲಿಗಳು ಹಳೆಯ ವಿಧಾನದಲ್ಲಿಯೇ ಓದಲ್ಪಡುತ್ತವೆ, ಹೊಸವು ಹೊಸದರಲ್ಲಿ. ಕೊನೆಯ ಒಂದೇ ಒಂದು 2 ಎಂಬ ಅಂಕಿ ಎರಡು ತಲೆಮಾರುಗಳನ್ನು ಜಗಳವಿಲ್ಲದೆ ಒಂದೇ ಮನೆಯಲ್ಲಿ ಇರಿಸಿದೆ.

ಮುದ್ರಿತ ಪುಟದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವನ್ನೂ ಉಲ್ಲೇಖಿಸಬೇಕು. 2018ರ ಅಕ್ಟೋಬರ್‌ನಲ್ಲಿ ಬಂದ ಅದರ 4.0 ಆವೃತ್ತಿ ನರಜಾಲ ಆಧಾರಿತ ಹೊಸ ಎಂಜಿನ್ ತಂದಿತು. ಆ ಎಂಜಿನ್‌ಗಾಗಿ ತರಬೇತುಗೊಂಡ ಕನ್ನಡದ ದತ್ತಾಂಶ ಕಡತ 3ನೆಯ ಸರಣಿಯ ತಂತ್ರಾಂಶಕ್ಕೆ ಉಪಯೋಗವಿಲ್ಲ. ಮೊದಲ ಅಂಕಿ 3ರಿಂದ 4ಕ್ಕೆ ಏರಿದ್ದು ಇಲ್ಲಿ ನ್ಯಾಯವಾಗಿಯೇ ಇದೆ. ಹಳೆಯ ಕನ್ನಡ ಪುಸ್ತಕಗಳನ್ನು ಗಣಕಕ್ಕೆ ಇಳಿಸುವವರು ಆ ಅಂಕಿಯನ್ನು ಗಮನಿಸದಿದ್ದರೆ ಒಂದು ದಿನದ ಶ್ರಮ ವ್ಯರ್ಥ.

ಕನ್ನಡದ ಅಂಕಿಗಳಲ್ಲಿಯೇ ಆವೃತ್ತಿ ಬರೆಯಬಾರದೇ ಎಂಬ ಅಭಿಮಾನದ ಪ್ರಶ್ನೆಯೂ ಸಹಜ. ತೆರೆಯ ಮೇಲೆ ‘೧.೦’ ಎಂದು ತೋರಿಸಲು ಅಡ್ಡಿಯಿಲ್ಲ, ತೋರಿಸಲಿ. ಆದರೆ ಬಿಡುಗಡೆಯ ಕಡತದ ಒಳಗಿನ ಸಂಖ್ಯೆ 1.0 ಎಂದೇ ಇರಬೇಕು. ಡೆಬಿಯನ್‌ನ ನಿಯಮಾವಳಿಯಂತೂ ಆವೃತ್ತಿಯಲ್ಲಿ ರೋಮನ್ ಅಕ್ಷರ, ಸಾಮಾನ್ಯ ಅಂಕಿ ಹಾಗೂ ಕೆಲವೇ ಚಿಹ್ನೆಗಳನ್ನು ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಅಭಿಮಾನಕ್ಕಾಗಿ ವಿತರಣೆಯ ಬಾಗಿಲನ್ನೇ ಮುಚ್ಚಿಕೊಳ್ಳುವುದು ಜಾಣತನವಲ್ಲ.

ಆಯ್ಕೆ ಯಾವುದು?

ಇಷ್ಟೆಲ್ಲ ನೋಡಿದ ಮೇಲೆ, ಯಾವ ಪದ್ಧತಿ ಶ್ರೇಷ್ಠ ಎಂಬ ಪ್ರಶ್ನೆಗಿಂತ ಈ ಸಂಖ್ಯೆಯನ್ನು ಓದುವವರು ಯಾರು ಎಂಬ ಪ್ರಶ್ನೆಯೇ ಮುಖ್ಯವೆಂಬುದು ಸ್ಪಷ್ಟ. ಬೇರೆ ತಂತ್ರಾಂಶಗಳು ತನ್ನ ಮೇಲೆ ನಿಲ್ಲುವಂತಹ ರಚನೆಗಳಿಗೆ, ಅಂದರೆ ಅಕ್ಷರಶೈಲಿ, ಲಿಪಿ ಪರಿವರ್ತಕ, ಪದಕೋಶದ ದತ್ತಾಂಶ, ಹಳ್ಳಿ ತಾಲ್ಲೂಕುಗಳ ಪಟ್ಟಿ ಇತ್ಯಾದಿಗಳಿಗೆ, ಗುಣ ಹೇಳುವ ಮೂರಂಕಿಯ ಪದ್ಧತಿಯೇ ಸೂಕ್ತ. ಕೊನೆಯ ಬಳಕೆದಾರ ನೇರವಾಗಿ ಬಳಸುವ, ಬೆಂಬಲದ ಅವಧಿಯೇ ಮುಖ್ಯವಾದ ರಚನೆಗಳಿಗೆ, ಉದಾಹರಣೆಗೆ ಶಾಲೆಗಳಿಗಾಗಿ ಸಿದ್ಧಪಡಿಸಿದ ಕನ್ನಡ ಕಾರ್ಯಾಚರಣಾ ವ್ಯವಸ್ಥೆಗೆ, ಕಾಲ ಹೇಳುವ ಪದ್ಧತಿ ಲೇಸು.

ಆದರೆ ಕನ್ನಡದ ಸಂದರ್ಭದಲ್ಲಿ ‘ಧಕ್ಕೆ’ ಎಂದರೇನು ಎಂಬುದನ್ನು ನಾವೇ ನಿರ್ಧರಿಸಬೇಕಾಗಿದೆ. ಕೀಲಿಮಣೆಯಲ್ಲಿ ಒಂದು ಅಕ್ಷರದ ಜಾಗ ಬದಲಾದರೆ ಬೆರಳಭ್ಯಾಸವಿರುವ ಬೆರಳಚ್ಚುಗಾರನಿಗೆ ಅದು ದೊಡ್ಡ ಧಕ್ಕೆ. ಅರ್ಕಾವೊತ್ತು ಮೂಡುವ ರೀತಿ ಬದಲಾದರೆ ಸಾಲುಗಳ ಅಳತೆ ಬದಲಾಗಿ ಪುಟವೇ ಜಾರುತ್ತದೆ, ಅದೂ ಧಕ್ಕೆಯೇ. ಪರಿವರ್ತಕವು ನಿನ್ನೆಯವರೆಗೆ ಒಂದು ರೀತಿ, ಇಂದು ಇನ್ನೊಂದು ರೀತಿ ಅಕ್ಷರ ಕೊಟ್ಟರೆ ಹುಡುಕಾಟದಲ್ಲಿ ಹಳೆಯ ಪದಗಳು ಸಿಗುವುದಿಲ್ಲ. ಇವೆಲ್ಲವೂ ಮೊದಲ ಅಂಕಿಯನ್ನು ಏರಿಸಲು ತಕ್ಕ ಕಾರಣಗಳು. ಕೋಡ್‌ನಲ್ಲಿ ಬದಲಾದದ್ದು ಒಂದೇ ಸಾಲೆಂಬುದು ಸಮರ್ಥನೆಯಾಗದು.

ನಗರದ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಅಂತಿಮ ವರ್ಷದ ಯೋಜನೆಯನ್ನು ಮುಕ್ತವಾಗಿ ಬಿಡುಗಡೆ ಮಾಡುವಾಗ ಮೂರು ಸರಳ ಶಿಸ್ತುಗಳನ್ನು ಪಾಲಿಸಬಹುದು. ಪರೀಕ್ಷೆಯ ಹಂತದಲ್ಲಿದ್ದರೆ ಸೊನ್ನೆಯಿಂದಲೇ ಆರಂಭಿಸಿ ಹಾಗೆಂದು ಹೇಳುವುದು. ಒಮ್ಮೆ ಹೊರಬಿದ್ದ ಸಂಖ್ಯೆಯ ಕಡತವನ್ನು ಸದ್ದಿಲ್ಲದೆ ತಿದ್ದದಿರುವುದು. ತಪ್ಪಿದ್ದರೆ ಹೊಸ ಸಂಖ್ಯೆ ಕೊಡುವುದು. ಪ್ರತಿ ಬಿಡುಗಡೆಯೊಂದಿಗೆ ಏನು ಬದಲಾಯಿತು, ಯಾರು ಎಚ್ಚರ ವಹಿಸಬೇಕು ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆಯುವುದು. ಈ ಕೊನೆಯದು ಸಂಖ್ಯೆಗಿಂತ ಮಿಗಿಲಾದುದು. ಯಾವ ಸಂಖ್ಯೆಯೂ ಗುಣ ಮತ್ತು ಕಾಲ ಎರಡನ್ನೂ ಪೂರ್ತಿಯಾಗಿ ಹೇಳಲಾರದು. ಉಳಿದದ್ದನ್ನು ಹೇಳಬೇಕಾದದ್ದು ಆ ನಾಲ್ಕು ಸಾಲುಗಳೇ.

ಬೆಂಗಳೂರಿನ ಕಂಪನಿಯೊಂದರ ತಂತ್ರಜ್ಞನಿಗೆ ಸಂಖ್ಯೆ ಗೊಂದಲವಾದರೆ ಕೇಳಲು ಪಕ್ಕದಲ್ಲಿಯೇ ಸಹೋದ್ಯೋಗಿಗಳಿರುತ್ತಾರೆ. ತಿಕೋಟಾದ ಅಂಗಡಿಯವನಿಗೆ, ಬಬಲೇಶ್ವರದ ಶಿಕ್ಷಕರಿಗೆ ಆ ಸೌಕರ್ಯವಿಲ್ಲ. ಒಂದು ತಪ್ಪು ಆಯ್ಕೆಯಾದರೆ ಯಂತ್ರವನ್ನು ಹೊತ್ತುಕೊಂಡು ಜಿಲ್ಲಾ ಕೇಂದ್ರಕ್ಕೆ ಬರಬೇಕು; ಆ ದಿನದ ದುಡಿಮೆಯೂ ಪಾಠವೂ ಹೋಯಿತು. ಮುಕ್ತ ತಂತ್ರಾಂಶಕ್ಕೆ ಬೆಲೆ ಕೊಡಬೇಕಾಗಿಲ್ಲ ನಿಜ. ಆದರೆ ಅದನ್ನು ನಂಬುವವನು ತನ್ನ ಸಮಯವನ್ನೂ ಕಡತಗಳನ್ನೂ ಪಣಕ್ಕಿಟ್ಟಿರುತ್ತಾನೆ. ಚುಕ್ಕಿಗಳ ನಡುವಿನ ಆ ಮೂರು ಅಂಕಿಗಳನ್ನು ಬರೆಯುವ ಮುನ್ನ ರಚನೆಕಾರರು ಅವನನ್ನು ಒಮ್ಮೆ ನೆನೆದರೆ ಸಾಕು.